ಫಿಲ್ಮಿಗೊಂದು ಗೋತ್ರ

ಲಾಸ್ ಏಂಜಲೀಸಿನ ಫ್ರೀಸ್ಟೈಲ್ ಸಂಸ್ಥೆ ಮಾರುತ್ತ ಬಂದ ‘ಅರಿಸ್ಟಾ ಇಡಿಯು ಅಲ್ಟ್ರಾ’ ಎಂಬ ಕಪ್ಪು-ಬಿಳುಪು ಫಿಲ್ಮು ಆ ಊರಿನದಲ್ಲ. ಅದು ಜೆಕ್ ದೇಶದ ಹ್ರಾದೆಕ್ ಕ್ರಾಲೊವೆಯಲ್ಲಿ, 1921ರಲ್ಲಿ ಶುರುವಾದ ಫೋಮಾ ಕಂಪನಿಯ ‘ಫೋಮಾಪಾನ್’. ಛಾಯಾಗ್ರಾಹಕರ ನಡುವೆ ಇದೇನೂ ಗುಟ್ಟಲ್ಲ. ನಾನು ಅದರ 400ರ ವೇಗದ ನೂರಡಿ ಸುರುಳಿ ಕೊಂಡದ್ದು ಮಾತ್ರ ಮೂಲ ವಿಚಾರಿಸಿಯಲ್ಲ, ಬೆಲೆ ನೋಡಿ.

ನೂರಡಿ ಎಂದರೆ 30.5 ಮೀಟರ್, 36 ಚಿತ್ರಗಳ ಸುಮಾರು 18 ಕ್ಯಾಸೆಟ್ಟಿಗೆ ಸಾಕು. ದೀಪವಾರಿಸಿ, ಸುರುಳಿಯನ್ನು ಅಂಚಿನಲ್ಲಷ್ಟೇ ಹಿಡಿದು, ಕ್ಯಾಸೆಟ್ ತುಂಬುವ ಲೋಡರಿಗಿಳಿಸಿ ಮುಚ್ಚಳ ಬಿಗಿದರೆ ಉಳಿದ ಕೆಲಸವೆಲ್ಲ ಬೆಳಕಿನಲ್ಲೇ. ಫಿಲ್ಮಿನ ತುದಿಯನ್ನು ಖಾಲಿ ಕ್ಯಾಸೆಟ್ಟಿನ ಒಳಗಡ್ಡಿಗೆ ಟೇಪಿನಿಂದ ಅಂಟಿಸಿ ಹಿಡಿ ತಿರುಗಿಸುತ್ತ ಹೋಗಬೇಕು. ಅಂಟಿಸುವಾಗ ಬೆಳಕು ಕಂಡ ಆ ತುದಿಯೇ ಕ್ಯಾಮೆರಾದಲ್ಲಿ ಕಡೆಗೆ ಬರುವುದರಿಂದ ಕೊನೆಯ ಒಂದೆರಡು ಚಿತ್ರಗಳು ಸಿಗುವುದಿಲ್ಲ. ಹೀಗೆ ತುಂಬಿದ ಕ್ಯಾಸೆಟ್ಟಿನ ಮೇಲೆ ಯಾರ ಹೆಸರೂ ಇರುವುದಿಲ್ಲ. ಪೆನ್ನಿನಲ್ಲಿ 400 ಎಂದು ಬರೆದರೆ ಮುಗಿಯಿತು.

ಮುಸ್ಸಂಜೆಯಲ್ಲಿ ಹೆಚ್ಚು ಹೊತ್ತು ಬೆಳಕು ಕೊಟ್ಟು ತೆಗೆದ ನೆಗೆಟಿವ್‌ಗಳಲ್ಲಿ ನೆರಳಿನ ಭಾಗ ತೀರಾ ತೆಳುವಾಗಿತ್ತು. ಅಗ್ಗದ ಮಾಲಿನ ಹಣೆಬರಹ ಎಂದುಕೊಂಡೆ. ಮುಂದೆ ಮೂಲ ತಿಳಿದು ಫೋಮಾದ ಮಾಹಿತಿ ಪತ್ರ ಓದಿದರೆ ಅದರಲ್ಲಿ ಸ್ಪಷ್ಟವಾಗಿಯೇ ಇದೆ: ಮೀಟರು 1 ಸೆಕೆಂಡ್ ಎಂದಲ್ಲಿ 1.5 ಕೊಡಬೇಕು, 10 ಎಂದಲ್ಲಿ 60. ಮಂದ ಬೆಳಕಿನಲ್ಲಿ ಬಹುತೇಕ ಫಿಲ್ಮುಗಳು ಆಲಸಿಗಳೇ; ಇದು ತುಸು ಹೆಚ್ಚು. ಅದೇ ನೆಗೆಟಿವ್‌ಗಳನ್ನು ಮತ್ತೆ ಕಿಟಕಿಗೆ ಹಿಡಿದೆ. ಈ ಸಲ ಮನಸ್ಸು ಅದನ್ನು ದೋಷವೆನ್ನಲಿಲ್ಲ, ಹಳೆಯ ಯುರೋಪಿನ ಫಿಲ್ಮಿನ ಗತ್ತು ಎಂದಿತು. ನನ್ನ ಕಣ್ಣು ನೋಡುತ್ತಿದ್ದುದು ನೆರಳನ್ನೋ, ಮನೆತನವನ್ನೋ?

ನಮ್ಮಲ್ಲಿ ಹೊಸಬರು ಬಂದು ಕೂತರೆ, ಕುಡಿಯಲು ನೀರು ಬರುವಷ್ಟರಲ್ಲಿ ‘ತಾವು ಯಾವ ಕಡೆಯವರು?’ ಎಂಬ ಪ್ರಶ್ನೆ ಬಂದಿರುತ್ತದೆ. ಹೆಸರು ಹೇಳಿದರೆ ಸಾಲದು. ಮನುಷ್ಯರ ವಿಷಯದಲ್ಲಿ ನನಗೆ ಸಹಿಸಲಾಗದ ಆ ವಿಚಾರಣೆಯನ್ನು ಒಂದು ವಸ್ತುವಿನ ಮೇಲೆ ಎಷ್ಟು ಸಲೀಸಾಗಿ ನಡೆಸಿದೆ! ಹಾಗೆಂದು ಆ ಪ್ರಶ್ನೆಯನ್ನೇ ತಳ್ಳಿಹಾಕಲಾರೆ. ತಯಾರಕರು ಯಾರೆಂದು ತಿಳಿಯದಿದ್ದರೆ ಆ 60 ಸೆಕೆಂಡಿನ ಲೆಕ್ಕ ನನಗೆ ಸಿಗುತ್ತಿರಲಿಲ್ಲ. ಬಳಸುವುದು ಹೇಗೆಂದು ತಿಳಿಯಲು ಮೂಲ ಕೇಳುವುದುಂಟು. ಎಷ್ಟು ಮರ್ಯಾದೆ ಕೊಡಬೇಕೆಂದು ತೂಗಲು ಕೇಳುವುದೂ ಉಂಟು. ಎರಡಕ್ಕೂ ಮಾತು ಒಂದೇ ಆದ್ದರಿಂದ, ಮೊದಲನೆಯದರ ಸೋಗಿನಲ್ಲಿ ಎರಡನೆಯದು ನುಸುಳುತ್ತದೆ.

ಇನ್ನೊಂದು ಸಂಗತಿ ಈ ಅನುಮಾನವನ್ನು ಗಟ್ಟಿಮಾಡಿತು. ಜಪಾನಿನ ಫ್ಯೂಜಿಫಿಲ್ಮ್ 2019ರಲ್ಲಿ ‘ಅಕ್ರಾಸ್’ ಫಿಲ್ಮನ್ನು ‘ಅಕ್ರಾಸ್ 2’ ಎಂದು ಮರಳಿ ತಂದಾಗ, ಬ್ರಿಟನ್ನಿನಲ್ಲಿ ತಯಾರಾದದ್ದೆಂದು ಪೆಟ್ಟಿಗೆಯ ಮೇಲೇ ಅಚ್ಚಾಗಿತ್ತು. ಅಲ್ಲೂ ತಯಾರಿಸಿದವರು ಒಬ್ಬರು, ಹೆಸರಿಟ್ಟವರು ಇನ್ನೊಬ್ಬರು. ಅದನ್ನು ಅಗ್ಗದ ಮಾಲೆಂದು ಮೂಗು ಮುರಿಯುವ ಮನಸ್ಸು ನನಗೆ ಬರಲಿಲ್ಲ. ಹೊಸ ಹೆಸರು ದೊಡ್ಡದಾಗಿದ್ದರೆ ಅದು ಸಹಯೋಗ, ಚಿಕ್ಕದಾಗಿದ್ದರೆ ವೇಷ ಎಂಬ ನ್ಯಾಯ ನನ್ನೊಳಗೇ ಇತ್ತು.

ಸಗಟಾಗಿ ಕೊಳ್ಳುವವರು ಮೊದಲು ಅದೇ ಹೆಸರಿನ ಒಂದು ರೋಲ್ ತಂದು, ತಮಗೆ ರೂಢಿಯಾದ ಡೆವಲಪರಿನಲ್ಲಿ ತೊಳೆದು ನೋಡಿ. ಒಗ್ಗಿದರೆ ನೂರಡಿ ತನ್ನಿ. ಮುಂದಿನ ಸುರುಳಿ ತಂದಾಗಲೂ ಒಂದು ತುಂಡು ಕತ್ತರಿಸಿ ಪರೀಕ್ಷಿಸಿ. ಅಂಗಡಿಯ ಹೆಸರು ಹಾಗೇ ಉಳಿದು ಕಾರ್ಖಾನೆ ಬದಲಾಗಿರಬಹುದು.