ಚಂದ್ರಚೂಡನ ಬೆಟ್ಟದ ಮೆಟ್ಟಿಲಲ್ಲಿ

ಹೊಸೂರಿನ ಬೆಟ್ಟದ ಮೇಲೆ ಮರಕತಾಂಬೆಯೊಡನೆ ನೆಲಸಿರುವ ಚಂದ್ರಚೂಡೇಶ್ವರನ ಸನ್ನಿಧಿಗೆ, ಫಾಲ್ಗುಣದ ರಥೋತ್ಸವ ಮುಗಿದು ಜನಸಂದಣಿ ಕರಗಿದ ಮೇಲೆ, ನನ್ನ ತಂಗಿಯ ಮಗನನ್ನು ಕರೆದುಕೊಂಡು ಹೋಗಿದ್ದೆನು. ಮೂರೆಡೆ ಕುಳಿತು ದಣಿವಾರಿಸಿಕೊಂಡ ಆ ಹುಡುಗನು ನಾಲ್ಕನೆಯ ಸಲ ಕುಳಿತಾಗ, “ಮಾವ, ನಾನೇನು ಪಾಪ ಮಾಡಿದ್ದೆ?” ಎಂದು ಕೇಳಿದನು.

ಅವನಿಗಿರುವುದು ಕ್ರೋನ್ಸ್ ವ್ಯಾಧಿ. 1932ರಲ್ಲಿ ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್, ಆಪನ್‌ಹೈಮರ್ ಎಂಬ ವೈದ್ಯರು ನಿರೂಪಿಸಿದ ಈ ರೋಗದಲ್ಲಿ, ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ತಿರುಗಿಬಿದ್ದು, ಬಾಯಿಯಿಂದ ಗುದದವರೆಗೆ ಅನ್ನಮಾರ್ಗದ ಯಾವೆಡೆಯಲ್ಲಾದರೂ, ಹೆಚ್ಚಾಗಿ ಸಣ್ಣಕರುಳಿನ ಕೊನೆಯಲ್ಲಿ, ನಡುನಡುವೆ ಸ್ವಸ್ಥವಾದ ಭಾಗವನ್ನುಳಿಸಿ ಹುಣ್ಣುಗಳನ್ನೆಬ್ಬಿಸುತ್ತದೆ. ಕರುಳಿನ ಕ್ಷಯವೂ ಅದೇ ಎಡೆಯಲ್ಲಿ ಅಂಥವೇ ಹುಣ್ಣುಗಳನ್ನು ಉಂಟುಮಾಡುವುದರಿಂದ, ನಮ್ಮ ದೇಶದಲ್ಲಿ ಇವನಂತೆ ಅನೇಕರು ಮೊದಲು ತಿಂಗಳುಗಟ್ಟಲೆ ಕ್ಷಯದ ಮಾತ್ರೆಗಳನ್ನು ನುಂಗಿ, ಹುಣ್ಣು ಮಾಯದಿದ್ದಾಗಲೇ ರೋಗವು ಬೇರೆಯೆಂದು ಅರಿಯುತ್ತಾರೆ. ಧೂಮಪಾನವು ಇದನ್ನು ಕೆರಳಿಸುವುದು ನಿಜ; ಇವನೋ ಬೀಡಿಯನ್ನು ಮುಟ್ಟಿದವನೇ ಅಲ್ಲ.

ಕ್ಷಯವೆಂಬ ಮಾತೇ ನನ್ನನ್ನು ಬೆಟ್ಟದ ದೇವರ ಕಥೆಗೆ ಮರಳಿಸಿತು. ದಕ್ಷನ ಇಪ್ಪತ್ತೇಳು ಪುತ್ರಿಯರನ್ನು ವರಿಸಿಯೂ ರೋಹಿಣಿಯೊಬ್ಬಳಲ್ಲೇ ಅನುರಕ್ತನಾಗಿದ್ದ ಚಂದ್ರನು, ಹೆಣ್ಣು ಕೊಟ್ಟ ಮಾವನ ಕೋಪದಿಂದ ಕ್ಷಯಗ್ರಸ್ತನಾದನಷ್ಟೆ. ರಾಜನಾದ ಚಂದ್ರನನ್ನು ಹಿಡಿದುದರಿಂದಲೇ ಅದಕ್ಕೆ ರಾಜಯಕ್ಷ್ಮವೆಂಬ ಹೆಸರು ಬಂದಿತೆಂದು ಚರಕಸಂಹಿತೆಯೂ ಹೇಳುತ್ತದೆ. ತಪ್ಪು, ಶಾಪ, ವ್ಯಾಧಿ ಎಂಬ ಈ ಸರಪಣಿಯೊಂದೇ ಸಾಕು, ಕರ್ಮಫಲವೆಂದು ರೋಗಿಯತ್ತ ಬೆರಳು ತೋರುವವರಿಗೆ. ಅವರು ಕಥೆಯನ್ನು ಪೂರ್ತಿ ಕೇಳಿದವರಲ್ಲವೆಂದೇ ನನ್ನ ದೃಢವಾದ ನಂಬಿಕೆ. ಶರಣುಬಂದ ಚಂದ್ರನ ಅಪರಾಧವನ್ನು ವಿಚಾರಿಸದೆಯೇ ಶಿವನು, ಶಾಪವನ್ನು ಸಂಪೂರ್ಣವಾಗಿ ಅಳಿಸದಿದ್ದರೂ, ಕುಂದುವ ಪಕ್ಷದೊಡನೆ ತುಂಬುವ ಪಕ್ಷವೊಂದನ್ನು ಅನುಗ್ರಹಿಸಿ, ಆ ರೋಗಿಯನ್ನು ತನ್ನ ಜಟೆಯಲ್ಲಿ ಮುಡಿದುಕೊಂಡನು. ಮುಡಿದದ್ದಾದರೂ ಸವೆದುಳಿದ ಕಲೆಯನ್ನು.

ಕ್ರೋನ್ಸ್ ವ್ಯಾಧಿಯನ್ನು ನಿರ್ಮೂಲಗೊಳಿಸುವ ಔಷಧವು ಇನ್ನೂ ದೊರೆತಿಲ್ಲ. ಉಲ್ಬಣವನ್ನು ತಗ್ಗಿಸಿ ಶಮನದ ಕಾಲವನ್ನು ದೀರ್ಘಗೊಳಿಸುವ ಔಷಧಗಳುಂಟು. ವೃದ್ಧಿಕ್ಷಯಗಳ ಈ ಬಾಳನ್ನು ಹೊರುವುದಕ್ಕೆ, ರೋಗವು ಯಾರ ಪಾಪದ ಫಲವೆಂಬುದು ಮೊದಲು ತೀರ್ಮಾನವಾಗಬೇಕೆ? ಚಂದ್ರಚೂಡನು ಅದಕ್ಕಾಗಿ ಕಾಯಲಿಲ್ಲ.

ಇದನ್ನೆಲ್ಲ ಆ ಹುಡುಗನಿಗೆ ಅಲ್ಲಿ ಹೇಳಲು ನನ್ನಿಂದಾಗಲಿಲ್ಲ. “ಏಳಪ್ಪಾ, ನಿಧಾನವಾಗಿ ಹೋಗೋಣ” ಎಂದು ಕೈಹಿಡಿದು ಎಬ್ಬಿಸಿದೆನು. ಮೇಲೆ ಅರ್ಚಕರು ಕೊಟ್ಟ ಮೊಸರನ್ನದಲ್ಲಿ ಅರ್ಧವನ್ನು ನನ್ನ ದೊನ್ನೆಗೆ ಹಾಕಿ, ಉಳಿದುದನ್ನು ಅವನು ಬಹಳ ಹೊತ್ತು ಅಗಿದು ಉಂಡನು.