ಓದಿಸಿದವನ ಹೊಣೆ
ಬೀದರಿನ ಗಾಂಧಿ ಗಂಜದಲ್ಲಿ ಗುಮಾಸ್ತನು ಬರೆದ ಲೆಕ್ಕಕ್ಕೆ ಅಂಗಡಿಯ ಯಜಮಾನನೇ ಹೊಣೆಗಾರನು. ಇಂದು ವಿದೇಶೀ ಮೊಕದ್ದಮೆಗಳ ಅಸಂಖ್ಯ ಕಾಗದಪತ್ರಗಳನ್ನು ವೆಚ್ಚ ಉಳಿಸಲೆಂದು ಬೆಂಗಳೂರು, ಮೈಸೂರುಗಳಲ್ಲಿ ಓದಿಸುವುದುಂಟು. 2012ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಆಂಡ್ರ್ಯೂ ಪೆಕ್ ಅವರು ಈ ಕಾರ್ಯಕ್ಕೆ ಗಣಕಯಂತ್ರದ ನೆರವನ್ನೂ ಅಂಗೀಕರಿಸಿದರು. ವಕೀಲರು ಗುರುತಿಸಿದ ಮಾದರಿಗಳಿಂದ ಕಲಿತು ಯಂತ್ರವು ಉಳಿದ ಪತ್ರಗಳನ್ನು ವಿಂಗಡಿಸುತ್ತದೆ. ಓದುವ ಕೈ ಬದಲಾದಾಗ ದೋಷದ ಭಾರವೂ ಬದಲಾಗುವುದೇ?

ತತ್ತ್ವಾರ್ಥಸೂತ್ರವು ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಎಣಿಸುತ್ತದೆ. ಮಾಡಿದವನಂತೆ ಮಾಡಿಸಿದವನಿಗೂ, ಸಮ್ಮತಿಸಿದವನಿಗೂ ಬಂಧವಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೊಡನೆ ಪರರ ಗುಟ್ಟನ್ನು ಬಯಲುಮಾಡುವ ರಹೋಭ್ಯಾಖ್ಯಾನವೂ ಸೇರಿದೆ. ಕಕ್ಷಿದಾರನ ಗುಟ್ಟು ಸಮುದ್ರ ದಾಟಿದರೂ ಅದನ್ನು ಕಾಯುವ ಹೊಣೆ ವಕೀಲನದೇ. ಆದುದರಿಂದ ಯಂತ್ರವು ಬೇಡವೆಂದು ತಳ್ಳಿದ ಪತ್ರಗಳಲ್ಲಿ ಕೆಲವನ್ನಾದರೂ ಅವನು ಸ್ವತಃ ಓದಿ ಪರೀಕ್ಷಿಸಿ, ಅನಂತರವೇ ರುಜು ಹಾಕತಕ್ಕದ್ದು.