ವೇಷಕ್ಕೆ ಸಲ್ಲುವ ವಂದನೆ

ವೇಷ ತೊಟ್ಟವನು ಕಪಟಿಯೆಂಬ ಶಂಕೆಯಿದ್ದರೂ ಆ ವೇಷಕ್ಕೆ ಕೈಮುಗಿಯುವುದು ಮೌಢ್ಯವೋ ಭಕ್ತಿಯ ಪರಾಕಾಷ್ಠೆಯೋ ಎಂಬ ಪ್ರಶ್ನೆ ಶರಣ ಪರಂಪರೆಗೆ ಹೊಸದಲ್ಲ. ಚಿತ್ರದುರ್ಗ ಜಿಲ್ಲೆಯ ಚಿಕ್ಕಜಾಜೂರಿನ ಸೀಮೆಯಲ್ಲಿ ಅದಕ್ಕೆ ಇನ್ನೊಂದು ಮುಖವೂ ಇದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಆಶ್ರಯದಲ್ಲಿ ಮಠವೇ ರಂಗಭೂಮಿಯನ್ನು ಪೋಷಿಸುತ್ತಿದ್ದು, ಅದರ ಶಿವಸಂಚಾರ ತಂಡ 1997ರಿಂದ ನಾಡೆಲ್ಲ ತಿರುಗಿ ನಾಟಕವಾಡುತ್ತಿರುವುದರಿಂದ, ಜಂಗಮನ ಕಾವಿಗೂ ನಟನ ಬಣ್ಣಕ್ಕೂ ಅಲ್ಲಿ ಒಂದೇ ಅಂಗಳ.

ಹಾಸ್ಯನಾಟಕಗಳು ವೇಷಾಂತರವನ್ನು ನೆಚ್ಚಿಕೊಂಡೇ ಬಂದಿವೆ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ ಗುಬ್ಬಿ ಕಂಪನಿಯ ರಂಗದಿಂದ 1935ರಲ್ಲಿ ವಾಕ್ಚಿತ್ರವಾಯಿತು. ಅದರಲ್ಲಿ ನಾಯಕಿ ಗಂಡುವೇಷದ ಮರೆಯಲ್ಲಿ ತನ್ನ ಮಾನವನ್ನು ಕಾಯ್ದುಕೊಳ್ಳುತ್ತಾಳೆ. ಗುಬ್ಬಿ ವೀರಣ್ಣನವರಿಗೆ ಹೆಸರು ತಂದ ಕಳ್ಳನ ಪಾತ್ರವೂ ಅದರದೇ. ಇಲ್ಲಿ ಸುಳ್ಳು ವೇಷವೇ ಶೀಲಕ್ಕೆ ಕಾವಲು. ಆ ವಾಕ್ಚಿತ್ರಕ್ಕೆ ನಾಲ್ಕು ವರ್ಷ ಮೊದಲು, 1931ರಲ್ಲಿ, ಕಾರ್ಲ್ ಝುಕ್‌ಮಾಯರ್‌ನ ನಾಟಕವನ್ನು ಆಧರಿಸಿ ರಿಚರ್ಡ್ ಓಸ್ವಾಲ್ಡ್ ಜರ್ಮನಿಯಲ್ಲಿ ‘ಕೋಪೆನಿಕ್ಕಿನ ಕ್ಯಾಪ್ಟನ್’ ಚಿತ್ರವನ್ನು ನಿರ್ದೇಶಿಸಿದ್ದ. ಅದರ ಹಿಂದೆ ನಿಜ ಘಟನೆಯಿದೆ: 1906ರ ಅಕ್ಟೋಬರ್ 16ರಂದು ವಿಲ್‌ಹೆಲ್ಮ್ ಫೋಗ್ಟ್ ಎಂಬ ಚಮ್ಮಾರ ಹಳೆಯ ಸೇನಾ ಸಮವಸ್ತ್ರ ತೊಟ್ಟು, ದಾರಿಯಲ್ಲಿ ಸಿಕ್ಕ ಸೈನಿಕರನ್ನು ಕರೆದೊಯ್ದು, ಕೋಪೆನಿಕ್ ಪಟ್ಟಣದ ಮೇಯರನನ್ನು ಬಂಧಿಸಿ ಖಜಾನೆಯ ಹಣ ಒಯ್ದ. ನಾಟಕದಲ್ಲಿ ಅವನಿಗೆ ಬೇಕಾದದ್ದು ಗುರುತಿನ ಪತ್ರ. ಜೈಲು ಕಂಡವನಿಗೆ ಆ ಪತ್ರವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಪತ್ರವೂ ಇಲ್ಲ. ಹೋದಲ್ಲೆಲ್ಲ ಅವನ ಗತಕಾಲವೇ ಅವನಿಗಿಂತ ಮೊದಲು ತಲುಪಿರುತ್ತದೆ.

ಶರಣರು ‘ಲಾಂಛನ’ ಎಂದದ್ದು ವಿಭೂತಿ, ರುದ್ರಾಕ್ಷಿ, ಲಿಂಗಧಾರಣೆಗಳಂಥ ಶಿವಚಿಹ್ನೆಗಳನ್ನು. ‘ಪೂರ್ವಾಶ್ರಯ’ವೆಂದರೆ ದೀಕ್ಷೆಗೆ ಮುಂಚಿನ ಕುಲ, ಕಸುಬು, ಬದುಕು. ಲಿಂಗ ಧರಿಸಿದವನ ಪೂರ್ವಾಶ್ರಯವನ್ನು ಕೆದಕಬಾರದೆಂಬುದು ಅವರ ನಿಲುವು. ಬಸವಪುರಾಣದ ಕಥೆಯೊಂದರಲ್ಲಿ ಕಳ್ಳರು ಬದನೆಕಾಯಿಯನ್ನೇ ಲಿಂಗದಂತೆ ಕಟ್ಟಿಕೊಂಡು ಬಂದಾಗ ಬಸವಣ್ಣ ಅವರನ್ನೂ ಶರಣರೆಂದೇ ಬರಮಾಡಿಕೊಳ್ಳುತ್ತಾನೆ, ಬದನೆಕಾಯಿಗಳು ಲಿಂಗಗಳೇ ಆಗುತ್ತವೆ. ಪವಾಡವನ್ನು ಬದಿಗಿಟ್ಟು ನೋಡಿದರೂ ಕಥೆಯ ತಿರುಳು ಉಳಿಯುತ್ತದೆ: ವಂದನೆಗೆ ಒಳಗಾದವನು ಅದಕ್ಕೆ ತಕ್ಕವನಾಗಬೇಕಾದ ಋಣಕ್ಕೆ ಬೀಳುತ್ತಾನೆ. ಕೋಪೆನಿಕ್ಕಿನ ಸೈನಿಕರೂ ವೇಷಕ್ಕೇ ತಲೆಬಾಗಿದರು, ಆದರೆ ಆಜ್ಞೆಯ ಅಭ್ಯಾಸದಿಂದ. ಆ ವಂದನೆಗೆ ಸಮವಸ್ತ್ರದ ಒಳಗಿದ್ದ ಮನುಷ್ಯನನ್ನು ಮುಟ್ಟುವ ಶಕ್ತಿಯಿರಲಿಲ್ಲ. ಅಲ್ಲಿ ಚಿಹ್ನೆ ಮನುಷ್ಯನನ್ನು ಬಾಗಿಲಾಚೆ ನಿಲ್ಲಿಸಲು ಬಳಕೆಯಾಯಿತು, ಬಸವಣ್ಣನ ಮನೆಯಾದ ಮಹಾಮನೆಯಲ್ಲಿ ಒಳಕ್ಕೆ ಕರೆಯಲು. ಹೊರಗಿನಿಂದ ಒಂದೇ ಬಗೆಯಾಗಿ ಕಾಣುವ ಎರಡು ನಮಸ್ಕಾರಗಳನ್ನು ಒಂದೇ ಎನ್ನುವುದು ಘೋರ ತಪ್ಪು.

ಆದರೂ ಶರಣರು ಈ ನಿಲುವಿನ ಅಪಾಯವನ್ನು ಅರಿಯದವರಲ್ಲ. ನಡೆಯಿಲ್ಲದ ವೇಷಧಾರಿಗಳನ್ನು ಅಂಬಿಗರ ಚೌಡಯ್ಯನಷ್ಟು ಕಟುವಾಗಿ ಜರೆದವರು ವಿರಳ. ಆ ಟೀಕೆ ವೇಷ ತೊಟ್ಟವನನ್ನು ಕುರಿತದ್ದು, ಕೈಮುಗಿದವನನ್ನಲ್ಲ. ಕೈಮುಗಿದವನ ನಿಷ್ಠೆ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಒಂದು ಕಥೆಯಿದೆ: ಅರುವತ್ತುಮೂರು ಪುರಾತನ ಶಿವಭಕ್ತರಲ್ಲಿ ಒಬ್ಬನಾದ ಮೆಯ್ಪೊರುಳ್ ನಾಯನಾರ್ ಎಂಬ ಅರಸನನ್ನು ಶಿವಭಕ್ತನ ವೇಷದಲ್ಲಿ ಬಂದ ವೈರಿ ಇರಿದಾಗ, ಅವನು ತನ್ನ ಸೇವಕನನ್ನು ತಡೆದು, ಆ ವೇಷಕ್ಕೆ ದಾರಿಯಲ್ಲಿ ಯಾರೂ ಕೇಡು ಮಾಡದಂತೆ ಊರ ಹೊರಗಿನವರೆಗೆ ಕಳಿಸಿ ಬರಲು ಹೇಳಿದ, ಸೇವಕ ಮರಳಿ ಬಂದು ಸುದ್ದಿ ಮುಟ್ಟಿಸುವವರೆಗೂ ಪ್ರಾಣ ಹಿಡಿದಿದ್ದ.